ಅಮ್ಮನ ನೋಟುಪುಸ್ತಕ, ನನ್ನ ಮೊಬೈಲು, ತಂಗಿಯ ಬಣ್ಣದ ಚೀಟಿ

ಮೈಸೂರಿನ 40×60 ನಿವೇಶನದ ಮನೆಯಿಂದ ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿಗೆ ಬರಲು ನಮಗಿದ್ದದ್ದು ಆರು ವಾರ. ಆಷಾಢ ಹುಟ್ಟುವ ಮೊದಲು ಹೊಸ ಮನೆಯಲ್ಲಿ ಹಾಲು ಉಕ್ಕಬೇಕು ಎಂಬುದು ಅಮ್ಮನ ಕಟ್ಟಪ್ಪಣೆ. ಅದಕ್ಕೆ ಎಲ್ಲರೂ ಒಪ್ಪಿದೆವು. ಸಾಮಾನಿನ ಲೆಕ್ಕ ಇಡುವ ಬಗೆಯಲ್ಲಿ ಮಾತ್ರ ಒಮ್ಮತವಾಗಲಿಲ್ಲ. ನಾನು ಮೊಬೈಲಿನಲ್ಲಿ ಪಟ್ಟಿ ಎಂದೆ, ಅಮ್ಮ ನೋಟುಪುಸ್ತಕ ಎಂದಳು, ತಂಗಿ ಬಣ್ಣದ ಚೀಟಿ ಅಂಟಿಸಿದರೆ ಸಾಕು ಎಂದಳು. ಜಗಳವೇಕೆಂದು ಮನೆಯನ್ನೇ ಪಾಲು ಮಾಡಿಕೊಂಡೆವು. ನನ್ನ ಕೋಣೆ ಮತ್ತು ಕಾಗದಪತ್ರ ಮೊಬೈಲಿಗೆ, ಅಡುಗೆಮನೆ ಮತ್ತು ದೇವರಮನೆ ಪುಸ್ತಕಕ್ಕೆ, ಹಜಾರ ಮತ್ತು ಅಟ್ಟ ಚೀಟಿಗೆ.

ನನ್ನ ಪಟ್ಟಿ ನೋಡಲು ಬಹಳ ಚೆನ್ನಾಗಿತ್ತು. ಪೆಟ್ಟಿಗೆಯ ಸಂಖ್ಯೆ, ಒಳಗಿನ ವಸ್ತು, ಯಾವ ಕೋಣೆಗೆ, ಒಡೆಯುವಂಥದ್ದೋ ಅಲ್ಲವೋ, ಎಲ್ಲಕ್ಕೂ ಒಂದೊಂದು ಅಂಕಣ. ಮೊದಲ ಮೂರು ದಿನ ಹೆಮ್ಮೆಯಿಂದ ತುಂಬಿದೆ. ನಾಲ್ಕನೆಯ ದಿನ ಕೈತುಂಬ ಧೂಳು, ಬೆರಳು ತಾಗಿದರೆ ಪರದೆ ಒಪ್ಪುತ್ತಿರಲಿಲ್ಲ. ನಾನು ಕೈ ತೊಳೆದು ಬರುವಷ್ಟರಲ್ಲಿ ಕಟ್ಟಲು ಬಂದ ಹುಡುಗರು ಎರಡು ಪೆಟ್ಟಿಗೆಗೆ ಟೇಪು ಎಳೆದಿರುತ್ತಿದ್ದರು. ಸಾಗಣೆಯ ದಿನವಂತೂ ಲಾರಿಯವರ ಕರೆ, ಅಪಾರ್ಟ್‌ಮೆಂಟಿನ ಕಾವಲುಗಾರರ ಕರೆ, ಚಿಕ್ಕಮ್ಮನ ಕರೆ; ಮೊಬೈಲು ಕಿವಿಗೆ ಅಂಟಿಕೊಂಡಿದ್ದಾಗ ಅದರೊಳಗಿನ ಪಟ್ಟಿಯನ್ನು ಓದುವುದೆಂತು? ಹುಡುಕಿದರೆ ಕ್ಷಣದಲ್ಲಿ ಸಿಗುತ್ತದೆ ಎಂಬುದೇ ಅದರ ದೊಡ್ಡ ಗುಣವಾಗಿತ್ತು. ಆದರೆ ಒಂದು ಕಡೆ ‘ವೈರು’ ಎಂದೂ ಇನ್ನೊಂದು ಕಡೆ ‘ಕೇಬಲ್’ ಎಂದೂ ಮೂರನೆಯ ಕಡೆ ಇಂಗ್ಲಿಷ್ ಅಕ್ಷರದಲ್ಲೂ ಬರೆದಿದ್ದವನು ನಾನೇ. ಲ್ಯಾಪ್‌ಟಾಪಿನ ಚಾರ್ಜರ್ ಸಿಗಲು ಎರಡು ದಿನ ಹಿಡಿಯಿತು.

ಅಮ್ಮನದು ಇನ್ನೂರು ಪುಟದ ಉದ್ದ ನೋಟುಪುಸ್ತಕ, ಬೆನ್ನಿಗೆ ಸೆಣಬಿನ ಹುರಿಯಲ್ಲಿ ಕಟ್ಟಿದ ಪೆನ್ಸಿಲು. ಪೆಟ್ಟಿಗೆಗೊಂದು ಪುಟ. ಪುಟದ ಸಂಖ್ಯೆಯನ್ನೇ ಪೆಟ್ಟಿಗೆಯ ಮೂರು ಮುಖಗಳ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆಸುತ್ತಿದ್ದಳು. ಒಂದೇ ಮುಖಕ್ಕೆ ಬರೆದರೆ ಅದು ಗೋಡೆಯ ಕಡೆಗೇ ತಿರುಗಿ ಕೂರುತ್ತದೆ ಎಂಬ ಅವಳ ಮಾತು ನನ್ನ ಪೆಟ್ಟಿಗೆಗಳಲ್ಲಿ ನಿಜವಾಯಿತು. ಅವಳು ವಸ್ತುಗಳನ್ನು ಒಂದೊಂದಾಗಿ ಬರೆದದ್ದು ಕಡಿಮೆ. ‘ಬೆಳಗಿನ ಕಾಫಿ’, ‘ಹಬ್ಬದ ಅಡುಗೆ’, ‘ನೆಂಟರು ಬಂದರೆ’ ಎಂದು ಕೆಲಸದ ಹೆಸರಿನಲ್ಲಿ ಬರೆದಿದ್ದಳು. ‘ಬೆಳಗಿನ ಕಾಫಿ’ ಪೆಟ್ಟಿಗೆ ಒಂದನ್ನು ತೆರೆದರೆ ಫಿಲ್ಟರು, ಪುಡಿ, ಸಕ್ಕರೆ ಡಬ್ಬಿ, ಹಾಲಿನ ಪಾತ್ರೆ, ಲೋಟ, ಬೆಂಕಿಪೊಟ್ಟಣ, ಅವಳ ರಕ್ತದೊತ್ತಡದ ಮಾತ್ರೆ. ಹೊಸ ಮನೆಗೆ ಕಾಲಿಟ್ಟ ಇಪ್ಪತ್ತು ನಿಮಿಷಕ್ಕೆ ಕಾಫಿ ಆಯಿತು. ನಾನಾಗಿದ್ದರೆ ಲೋಟವನ್ನು ಲೋಟಗಳ ಜೊತೆ, ಪುಡಿಯನ್ನು ದಿನಸಿಯ ಜೊತೆ, ಮಾತ್ರೆಯನ್ನು ಔಷಧಿಯ ಜೊತೆ ಕಟ್ಟಿ, ಐದು ಪೆಟ್ಟಿಗೆ ಬಿಚ್ಚುತ್ತಿದ್ದೆ.

ಪುಸ್ತಕಕ್ಕೂ ಕೇಡಿತ್ತು: ಇರುವುದು ಒಂದೇ ಪ್ರತಿ. ನಾಲ್ಕನೆಯ ವಾರ ಅದು ಕಾಣೆಯಾಯಿತು. ಅರ್ಧ ದಿನ ಹುಡುಕಿ ಕೊನೆಗೆ ಚಕ್ಕುಲಿ ಒರಳಿನ ಪೆಟ್ಟಿಗೆಯೊಳಗೆ ಸಿಕ್ಕಿತು. ಆ ಪೆಟ್ಟಿಗೆಯಲ್ಲಿ ಪುಸ್ತಕವಿದೆ ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಅಂದಿನಿಂದ ರಾತ್ರಿ ಮಲಗುವ ಮೊದಲು ಆ ದಿನದ ಪುಟಗಳ ಫೋಟೊ ತೆಗೆಯುವುದು ನನ್ನ ಕೆಲಸವಾಯಿತು.

ಚೀಟಿಯ ವಿಷಯದಲ್ಲಿ ನಾನು ತಂಗಿಯನ್ನು ಮೊದಲು ಹಾಸ್ಯ ಮಾಡಿದ್ದೆ. ಹಳದಿ ಹಜಾರಕ್ಕೆ, ನೀಲಿ ಅಮ್ಮನ ಕೋಣೆಗೆ, ಕೆಂಪು ನನ್ನ ಕೋಣೆಗೆ. ಹೊಸ ಮನೆಯ ಬಾಗಿಲುಗಳ ಮೇಲೂ ಅದೇ ಬಣ್ಣ. ಒಳಗೆ ಏನಿದೆ ಎಂದು ಚೀಟಿ ಹೇಳುವುದಿಲ್ಲ, ನಿಜ. ಆದರೆ ಇಳಿಸಲು ಬಂದ ಐವರಲ್ಲಿ ಕನ್ನಡ ಓದಬಲ್ಲವನು ಒಬ್ಬ. ಬಣ್ಣಕ್ಕೆ ಭಾಷೆ ಬೇಕಾಗಲಿಲ್ಲ. ಹಳದಿ ಪೆಟ್ಟಿಗೆಗಳು ಯಾರೂ ಕೂಗದೆ ಹಜಾರಕ್ಕೆ ಹೋಗಿ ಕುಳಿತವು. ಲಿಫ್ಟಿನ ಮುಂದೆ ‘ಇದೆಲ್ಲಿಗೆ, ಅದೆಲ್ಲಿಗೆ’ ಎಂದು ಗೋಳಾಡಿದ್ದು ನನ್ನ ಪೆಟ್ಟಿಗೆಗಳ ಬಳಿ ಮಾತ್ರ. ಚೀಟಿ ಸೋತದ್ದು ಗೋಣಿಚೀಲದ ಮೇಲೆ; ಅಂಟು ಹಿಡಿಯಲಿಲ್ಲ. ಮದ್ದೂರಿನ ಬಳಿ ಬಿದ್ದ ಮಳೆಗೆ ಟಾರ್ಪಾಲಿನ ಅಂಚಿನಲ್ಲಿದ್ದ ನಾಲ್ಕು ಚೀಟಿಗಳೂ ಹೋದವು. ಮುಂದಿನ ಸಲ ಬಣ್ಣದ ಬಟ್ಟೆಯ ಚೂರು ಕಟ್ಟುವುದೇ ಸರಿ.

ನಾಲ್ಕನೆಯದೊಂದು ಲೆಕ್ಕವೂ ಇತ್ತು, ಸಾಗಣೆ ಸಂಸ್ಥೆಯವರದು. ಅದರಲ್ಲಿ ಹನ್ನೊಂದು ಪೆಟ್ಟಿಗೆಗಳ ಮುಂದೆ ‘ಇತರೆ’ ಎಂದಷ್ಟೇ ಇತ್ತು. ಮಂಚದ ಬೋಲ್ಟುಗಳು ಯಾವ ‘ಇತರೆ’ಯಲ್ಲಿದ್ದವೋ, ನಾಲ್ಕು ರಾತ್ರಿ ನೆಲದ ಮೇಲೆ ಮಲಗಿದೆವು. ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಮಂಚದ ಕಾಲಿಗೇ ಬಿಗಿಯಬೇಕು. ಯಾವ ಪಟ್ಟಿಯೂ ಬೇಡ.

ಲೆಕ್ಕ ಇಡುವುದು ಸುಲಭದ ಭಾಗ. ಕಷ್ಟವಿದ್ದದ್ದು ಕಡಿಮೆ ಮಾಡುವುದರಲ್ಲಿ. ಇದರಲ್ಲೂ ಎರಡು ದಾರಿ ಹಿಡಿದು ನೋಡಿದೆವು. ಮೊದಲನೆಯದು ಎಲ್ಲರೂ ಹೇಳುವ ಮೂರು ಗುಡ್ಡೆ: ಬೇಕು, ಬೇಡ, ಆಮೇಲೆ ನೋಡೋಣ. ಒಂದು ವಾರದಲ್ಲಿ ‘ಆಮೇಲೆ ನೋಡೋಣ’ ಗುಡ್ಡೆ ಕಿಟಕಿಯ ಎತ್ತರಕ್ಕೆ ಬಂದಿತ್ತು. ಅಜ್ಜಿಯ ಹೆಸರು ಕೊರೆದ ಸ್ಟೀಲು ತಟ್ಟೆ ಕೈಗೆತ್ತಿಕೊಂಡು ‘ಬೇಕೋ ಬೇಡವೋ’ ಎಂದು ಕೇಳಿದರೆ ಯಾರು ತಾನೇ ಬೇಡ ಎನ್ನುತ್ತಾರೆ?

ಎರಡನೆಯ ದಾರಿ ಅಮ್ಮನಿಗೆ ಹೊಳೆದದ್ದು. ಹೊಸ ಅಡುಗೆಮನೆಯ ಕಪಾಟುಗಳ ಅಳತೆ ತರಲು ನನ್ನನ್ನು ಅಟ್ಟಿದಳು. ತಂದ ಅಳತೆಯನ್ನು ಹಜಾರದ ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಎಳೆದಳು. ಮೂರು ಅಡಿ ಅಗಲ, ಒಂದೂಕಾಲು ಅಡಿ ಆಳದ ನಾಲ್ಕು ಚೌಕಗಳು, ಅಷ್ಟೇ. ಆಮೇಲೆ ಪಾತ್ರೆಗಳನ್ನು ಒಂದೊಂದಾಗಿ ತಂದು ಚೌಕದೊಳಗೆ ಜೋಡಿಸಿದಳು. ಗೆರೆಯ ಹೊರಗೆ ನಿಂತದ್ದು ಬರುವುದಿಲ್ಲ. ಪರಾತ ಇಟ್ಟರೆ ಎರಡು ಭೋಗುಣಿ ಹೊರಗೆ, ಕೊಳಗ ಇಟ್ಟರೆ ಪರಾತ ಹೊರಗೆ. ‘ಬೇಕೋ ಬೇಡವೋ’ ಎಂಬ ಪ್ರಶ್ನೆ ‘ಇದೋ ಅದೋ’ ಎಂದಾಯಿತು, ಅದಕ್ಕೆ ಉತ್ತರ ಹೇಳುವುದು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಗುಡ್ಡೆಯ ಮುಂದೆ ಒಂದು ವಾರ ಕಳೆದವಳು ಚೌಕದ ಮುಂದೆ ಒಂದೂವರೆ ದಿನದಲ್ಲಿ ಮುಗಿಸಿದಳು. ನೀರು ಕಾಯಿಸುವ ಹಿತ್ತಾಳೆ ಹಂಡೆಯೊಂದನ್ನು ಮಾತ್ರ ಗೆರೆಯ ಮೇಲೆ ಇಟ್ಟು ಬಹಳ ಹೊತ್ತು ನೋಡಿದಳು. ಅದೀಗ ಬಾಲ್ಕನಿಯಲ್ಲಿ ಒಂದೆಲಗದ ಕುಂಡವಾಗಿದೆ.

ಬೇಡದ್ದನ್ನು ಸಾಗಹಾಕುವುದರಲ್ಲಿ ಗುಜರಿಯವರೇ ಮೇಲು, ದುಡ್ಡು ಕಡಿಮೆಯಾದರೂ ಅಂದೇ ಹೊತ್ತೊಯ್ಯುತ್ತಾರೆ. ಊಟದ ಮೇಜನ್ನು ಮೊಬೈಲಿನಲ್ಲಿ ಮಾರಾಟಕ್ಕಿಟ್ಟಾಗ ಇಪ್ಪತ್ತಾರು ಜನ ಬೆಲೆ ಕೇಳಿದರು, ಒಬ್ಬರೂ ಬರಲಿಲ್ಲ. ನೆಂಟರಿಗೆ ಕೊಡುವುದಾದರೆ ದಿನಾಂಕ ಹೇಳಿಬಿಡಬೇಕು. ನಮ್ಮಲ್ಲಿ ‘ತೆಗೆದಿಡಿ, ಬರುತ್ತೇನೆ’ ಎಂದವರ ಸಾಮಾನು ಲಾರಿ ಹೊರಡುವ ಬೆಳಿಗ್ಗೆಯೂ ಜಗಲಿಯಲ್ಲಿತ್ತು.

ಈಗ ಕೇಳಿದರೆ, ಹೊರುವವರಿಗೆ ಬಣ್ಣ, ಬಿಚ್ಚುವವರಿಗೆ ಪುಸ್ತಕ ಎನ್ನುತ್ತೇನೆ. ಮೊಬೈಲಿನ ಪಟ್ಟಿ ಗೆದ್ದದ್ದು ಒಂದೇ ಕಡೆ, ಕಾಗದಪತ್ರದಲ್ಲಿ. ಊರು ಬದಲಾಗುವಾಗ ಗ್ಯಾಸ್ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಹಳೆಯ ವಿತರಕರಿಗೆ ಒಪ್ಪಿಸಿ ಪತ್ರ ಪಡೆಯಬೇಕು, ಬ್ಯಾಂಕಿನಲ್ಲಿ ವಿಳಾಸ ಬದಲಾಗಬೇಕು, ಕರೆಂಟು ಬಿಲ್ಲು ಕಟ್ಟಿ ಮುಗಿಸಬೇಕು. ಇವಕ್ಕೆಲ್ಲ ತಾರೀಕು ನೆನಪಿಸುವ ಪಟ್ಟಿಯೇ ಬೇಕು, ಅದನ್ನು ಪೆನ್ಸಿಲು ಮಾಡುವುದಿಲ್ಲ.

ದಸರಾ ಗೊಂಬೆಗಳು ಮಾತ್ರ ಯಾವ ಲೆಕ್ಕಕ್ಕೂ ಬಗ್ಗಲಿಲ್ಲ. ಮೈಸೂರಿನಲ್ಲಿ ಒಂಬತ್ತು ಮೆಟ್ಟಿಲು ಜೋಡಿಸುತ್ತಿದ್ದೆವು, ಇಲ್ಲಿ ಹಜಾರದಲ್ಲಿ ಹಿಡಿಸುವುದು ಮೂರು. ರಂಗೋಲಿ ಗೆರೆ ಎಳೆಯಲು ಅಮ್ಮ ಒಪ್ಪಲೇ ಇಲ್ಲ. ಪಟ್ಟದ ಗೊಂಬೆಗಳನ್ನು ತಾನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ತಂದಳು, ಉಳಿದವನ್ನು ಮೂರು ಮನೆಗೆ ಹಂಚಿದಳು. ಪುಟ 31ರಲ್ಲಿ ಅದರ ವಿವರವಿದೆ. ಶೆಟ್ಟಿ ದಂಪತಿ ತಂಗಿಯ ಮನೆಗೆ, ಬ್ಯಾಂಡು ಮೇಳ ಚಿಕ್ಕಮ್ಮನಿಗೆ, ಮರದ ಆನೆ ಪಕ್ಕದ ಮನೆಯ ಮಗುವಿಗೆ. ಆನೆಯ ಮುಂದೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದಾಳೆ: ‘ದಸರಾಕ್ಕೆ ಹತ್ತು ದಿನ ಕೇಳಿ ತರುವುದು’.