ಪೂರ್ತಿ ಫೀಡೋ, ತುಣುಕು ಫೀಡೋ, ವಾಟ್ಸಾಪೋ? ಒಂದು ವರ್ಷ ಮಾಡಿ ನೋಡಿದ ಹೋಲಿಕೆ

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ನನಗೂ ಕಾರವಾರದ ಗೆಳತಿಗೂ ಒಂದೇ ಚಿಂತೆ. ಇಬ್ಬರದೂ ಪುಟ್ಟ ವೆಬ್‌ಸೈಟ್. ನನ್ನದು ಶಿರಸಿ ಕಡೆಯ ಅಡಿಕೆ ತೋಟ, ಅಪ್ಪೆಮಿಡಿ, ಹಲಸು, ಮಳೆಗಾಲದ ಅಡುಗೆ ಇಂಥದ್ದರ ಬಗ್ಗೆ. ಅವಳದು ಕರಾವಳಿಯ ಮೀನಡುಗೆ. ಜನ ಬರುತ್ತಿದ್ದರು, ಆದರೆ ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ ಹುಡುಕಿ ನನ್ನಲ್ಲಿಗೆ ಬರುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಅಂತ ಓದಿಕೊಳ್ಳುತ್ತಾರೆ, ಹೊರಡುತ್ತಾರೆ. ಮುಂದಿನ ವಾರ ನಾನು ಬರೆದ ತಂಬುಳಿಯ ವಿಷಯ ಅವರಿಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಒಂದು ವರ್ಷ ಫೀಡ್ ಇಟ್ಟುಕೊಂಡು ನೋಡೋಣ ಅಂತ ಇಬ್ಬರೂ ಮಾತಾಡಿಕೊಂಡೆವು. ಪೂರ್ತಿ ಹೆಸರು ಆರ್‌ಎಸ್‌ಎಸ್ ಫೀಡ್. ಊರಲ್ಲಿ ಆ ಹೆಸರು ಹೇಳಿದರೆ ಸಂಘದ ವಿಷಯ ಅಂದುಕೊಳ್ಳುತ್ತಾರೆ, ಅದಕ್ಕೆ ಬರೀ ಫೀಡ್ ಅನ್ನುತ್ತೇನೆ. ಗೊತ್ತಿಲ್ಲದವರಿಗೆ ಒಂದು ಮಾತು. ಫೀಡ್ ಅಂದರೆ ನಿಮ್ಮ ಸೈಟಿನ ಹೊಸ ಬರಹಗಳ ಪಟ್ಟಿ ಇರುವ ಒಂದು ಕಡತ. ಓದುಗರು ಫೀಡ್ಲಿ, ಇನೋರೀಡರ್‌ನಂಥ ಆಪ್‌ಗೆ ನಿಮ್ಮ ಸೈಟಿನ ವಿಳಾಸ ಒಮ್ಮೆ ಕೊಟ್ಟರೆ ಸಾಕು, ಆಪ್ ಆಗಾಗ ಬಂದು ಆ ಕಡತ ನೋಡಿ ಹೊಸದನ್ನು ಒಯ್ಯುತ್ತದೆ. ನಮ್ಮಲ್ಲಿ ಗುಡ್ಡದ ನೀರನ್ನು ಅಡಿಕೆ ದಬ್ಬೆಯಲ್ಲಿ ಹಿತ್ತಲಿಗೆ ಹಾಯಿಸಿಕೊಳ್ಳುತ್ತಾರಲ್ಲ, ಹಾಗೆ. ಒಮ್ಮೆ ದಬ್ಬೆ ಕಟ್ಟಿದರೆ ಆಯಿತು, ಆಮೇಲೆ ದಿನಾ ಕೊಡ ಹಿಡಿದು ಗುಡ್ಡ ಹತ್ತುವುದು ಬೇಡ.

ಇದು ಹಳೆಯ ತಂತ್ರ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ರಾಮನಾಥನ್ ಗುಹಾ ಮತ್ತು ಡಾನ್ ಲಿಬ್ಬಿ ಮಾಡಿದ್ದು. ಗುಹಾ ಓದಿದ್ದು ಮದ್ರಾಸ್ ಐಐಟಿಯಲ್ಲಿ. ಈಗ ಹೆಚ್ಚಾಗಿ ಬಳಕೆಯಲ್ಲಿರುವ 2.0 ರೂಪ 2002ರಲ್ಲಿ ಡೇವ್ ವೈನರ್ ಅವರಿಂದ ಬಂತು. 2013ರ ಜುಲೈನಲ್ಲಿ ಫೀಡ್ ಓದಿಸುತ್ತಿದ್ದ ಗೂಗಲ್ ರೀಡರ್ ಮುಚ್ಚಿದಾಗ ಫೀಡಿನ ಕಥೆ ಮುಗಿಯಿತು ಅಂದವರು ಬಹಳ ಜನ. ಆದರೆ ಇವತ್ತಿಗೂ ಪಾಡ್‌ಕಾಸ್ಟ್‌ಗಳು ಊರೂರಿಗೆ ತಲುಪುವುದು ಇದೇ ಫೀಡಿನ ಮೇಲೆ. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್, ಬ್ಲಾಗರ್ ಎರಡರಲ್ಲೂ ಫೀಡ್ ತಾನಾಗಿಯೇ ಇರುತ್ತದೆ. ನನ್ನ ಸೈಟಿನಲ್ಲೂ ಮೊದಲ ದಿನದಿಂದ ಇತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಮೊದಲ ಪ್ರಶ್ನೆಯಲ್ಲೇ ನಮ್ಮಿಬ್ಬರ ದಾರಿ ಬೇರೆಯಾಯಿತು. ಫೀಡಿನಲ್ಲಿ ಬರಹ ಪೂರ್ತಿ ಕೊಡಬೇಕೋ, ತುಣುಕು ಮಾತ್ರ ಕೊಡಬೇಕೋ? ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೂ ಗುಂಡಿ ಇದೆ. ತುಣುಕು ಅಂದರೆ ನೀವೇ ಬರೆದು ಕೊಡದಿದ್ದರೆ ಮೊದಲ 55 ಪದ. ಗೆಳತಿ ತುಣುಕು ಆರಿಸಿಕೊಂಡಳು. ‘ಪೂರ್ತಿ ಅಲ್ಲೇ ಬಡಿಸಿಬಿಟ್ಟರೆ ನಮ್ಮನೆಗೆ ಯಾರು ಬರ್ತಾರೆ?’ ಅನ್ನುವುದು ಅವಳ ಮಾತು. ಮೇಲ್ನೋಟಕ್ಕೆ ಸರಿಯಾದ ಮಾತೇ. ನಾನು ಪೂರ್ತಿ ಕೊಟ್ಟೆ.

ಮೊದಲ ಎರಡು ತಿಂಗಳು ಅವಳೇ ಗೆದ್ದಳು ಅನ್ನಬೇಕು. ಬಂಗಡೆ ಸಾರಿನ ತುಣುಕು ನೋಡಿದವರು ಮಸಾಲೆಯ ಅಳತೆ ಬೇಕು ಅಂತ ಸೈಟಿಗೆ ಬರುತ್ತಿದ್ದರು. ನನ್ನವರು ಆಪ್‌ನಲ್ಲೇ ಓದಿ ಮುಗಿಸುತ್ತಿದ್ದರು, ಸೈಟಿನ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಆದರೆ ಇಲ್ಲೊಂದು ವಿಷಯ ಗಮನಿಸಬೇಕು. ಫೀಡ್ಲಿ ನಿಮ್ಮ ಫೀಡ್ ಒಯ್ಯಲು ಬಂದಾಗ, ಎಷ್ಟು ಜನ ಚಂದಾದಾರರಿಗಾಗಿ ಒಯ್ಯುತ್ತಿದೆ ಅಂತ ಸರ್ವರ್ ಲಾಗ್‌ನಲ್ಲಿ (ಸೈಟಿಗೆ ಯಾರು ಬಂದುಹೋದರು ಅನ್ನುವ ದಾಖಲೆ) ಬರೆದು ಹೋಗುತ್ತದೆ. ನಾನು ತಿಂಗಳಿಗೊಮ್ಮೆ ಅದನ್ನು ನೋಡುತ್ತಿದ್ದೆ. ನನ್ನ ಅಂಕಿ ನಿಧಾನಕ್ಕೆ ಏರುತ್ತಿತ್ತು. ಅವಳದ್ದು ಆಗಸ್ಟ್ ಹೊತ್ತಿಗೆ ಇಳಿಯಲು ಶುರುವಾಯಿತು.

ಯಾಕೆ ಅನ್ನುವುದು ನನಗೆ ಅರ್ಥವಾದದ್ದು ಸಿದ್ದಾಪುರ ಕಡೆಯ ಭಾವನ ಮನೆಗೆ ಹೋದಾಗ. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಿಕ್ಕಾಗದು. ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಭಾವ ಬೆಳಿಗ್ಗೆ ಹಾಲು ಕರೆದು ಬಂದು ಆ ಮೂಲೆಯಲ್ಲಿ ಐದು ನಿಮಿಷ ನಿಲ್ಲುತ್ತಾರೆ. ಅಷ್ಟರಲ್ಲಿ ಆಪ್ ಎಲ್ಲಾ ಬರಹಗಳನ್ನೂ ಇಳಿಸಿಕೊಂಡಿರುತ್ತದೆ. ಆಮೇಲೆ ಮಧ್ಯಾಹ್ನ ಜಗಲಿಯಲ್ಲಿ ಕೂತು ನಿಧಾನಕ್ಕೆ ಓದುತ್ತಾರೆ. ನನ್ನ ಬರಹ ಪೂರ್ತಿ ಇರುತ್ತದೆ. ಗೆಳತಿಯ ಬರಹ 55 ಪದಕ್ಕೆ ನಿಲ್ಲುತ್ತದೆ. ಮುಂದಕ್ಕೆ ಒತ್ತಿದರೆ ನೆಟ್ ಇಲ್ಲ. ‘ಫೋನಿಗೆ ಬಂದ್ರೆ ಓದ್ತಿ ಭಾವಾ, ಹುಡ್ಕ್ಯಂಡು ಹೋಪಲೆ ಆಗ್ತಿಲ್ಲೆ’ ಅಂದರು. ಎರಡು ಸಲ ಹಾಗಾದ ಮೇಲೆ ಅವಳ ಫೀಡನ್ನೇ ತೆಗೆದುಹಾಕಿದ್ದರಂತೆ. ಹೀಗೆ ಎಷ್ಟು ಮನೆಗಳಲ್ಲಿ ಆಗಿರಬಹುದು, ಯೋಚಿಸಿ. ಊರಿನ ವಿಷಯ ಬರೆಯುವ ನಮಗೆ ಊರಿನವರೇ ಕೈಬಿಟ್ಟು ಹೋದರೆ ಹೇಗೆ?

ಪೂರ್ತಿ ಫೀಡಿನಿಂದ ಸೈಟಿಗೆ ಜನ ಬರುವುದೇ ಇಲ್ಲವೇ ಅಂದರೆ, ಬರುತ್ತಾರೆ. ಬರುವ ದಾರಿ ಬೇರೆ. ತುಣುಕಿಗೆ ಒಂದೇ ಬಾಗಿಲು, ‘ಮುಂದೆ ಓದಿ’. ಪೂರ್ತಿ ಬರಹಕ್ಕೆ ನಾಲ್ಕಾರು ಬಾಗಿಲು ಇಡಬಹುದು. ಅಪ್ಪೆಹುಳಿಯ ಬರಹದೊಳಗೆ ಮಿಡಿ ಉಪ್ಪಿಗೆ ಹಾಕುವ ಹಳೆಯ ಬರಹಕ್ಕೆ ಒಂದು ಕೊಂಡಿ. ಅಡಿಕೆಯಲ್ಲಿ ಕೆಂಪುಗೋಟು, ಚಾಲಿ, ಬೆಟ್ಟೆ ಅಂದರೇನು ಅಂತ ವಿವರಿಸಿದ ಪುಟಕ್ಕೆ ಇನ್ನೊಂದು. ಪ್ರತಿ ಕೊಂಡಿಯ ಬಾಲಕ್ಕೂ ಫೀಡಿನಿಂದ ಬಂದದ್ದು ಅಂತ ಗುರುತಿಸುವ ಯುಟಿಎಂ ಅಕ್ಷರಗಳನ್ನು ಸೇರಿಸಿದ್ದೆ. ಮೂರನೇ ತಿಂಗಳಿಂದ ಲೆಕ್ಕ ನೋಡಿದರೆ, ಫೀಡಿನಿಂದ ಬಂದವರು ಹೊಸ ಬರಹಕ್ಕಿಂತ ಹಳೆಯ ಬರಹಗಳಿಗೇ ಜಾಸ್ತಿ ಬರುತ್ತಿದ್ದರು. ಬಂದವರು ಎರಡು ಮೂರು ಪುಟ ನೋಡಿ ಹೋಗುತ್ತಿದ್ದರು. ನನಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಹಳೆಯ ಬರಹ ಅಟ್ಟದ ಮೇಲೆ ಧೂಳು ತಿನ್ನುತ್ತಾ ಕೂರಬಾರದು.

ಪೂರ್ತಿ ಫೀಡಿನ ನಿಜವಾದ ತೊಂದರೆ ಕಳ್ಳತನ. ಒಂದು ಸೈಟ್ ನನ್ನ ಫೀಡಿನಿಂದ ಬರಹಗಳನ್ನು ಹಾಗೇ ಎತ್ತಿ ತನ್ನ ಹೆಸರಲ್ಲಿ ಹಾಕಿಕೊಳ್ಳುತ್ತಿತ್ತು. ನೋಡಿದ ದಿನ ಊಟ ಸೇರಲಿಲ್ಲ. ಆಮೇಲೆ ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಯೋಸ್ಟ್ ಅನ್ನುವ ಪ್ಲಗಿನ್‌ನಲ್ಲಿ ಒಂದು ಅನುಕೂಲ ಇರುವುದು ಗೊತ್ತಾಯಿತು. ಫೀಡಿನ ಪ್ರತಿ ಬರಹದ ಕೊನೆಗೆ ‘ಇದು ಮೊದಲು ಪ್ರಕಟವಾದದ್ದು ಇಲ್ಲಿ’ ಅಂತ ಕೊಂಡಿ ಸಮೇತ ಒಂದು ಸಾಲು ತಾನಾಗಿ ಸೇರುತ್ತದೆ. ಯಂತ್ರದಲ್ಲಿ ಕದಿಯುವವರು ಆ ಸಾಲನ್ನೂ ಸೇರಿಸಿಯೇ ಕದಿಯುತ್ತಾರೆ. ಆ ಕಳ್ಳ ಸೈಟಿನಿಂದಲೂ ಕೆಲವರು ನನ್ನ ಮನೆಗೆ ಬಂದರು.

ಈಗ ಇಮೇಲ್. ಫೀಡ್ ಆಪ್ ಅಂದರೆ ನಮ್ಮ ಹಿರಿಯರಿಗೆ ಗೊತ್ತಿಲ್ಲ. ಬೆಂಗಳೂರು, ಪುಣೆಯಲ್ಲಿರುವ ಊರಿನ ಹುಡುಗರಿಗೂ ಇನ್ನೊಂದು ಆಪ್ ಬೇಡ. ಆದರೆ ಇಮೇಲ್ ಎಲ್ಲರಿಗೂ ಇದೆ. ಫೀಡನ್ನು ಓದಿ ತಾನೇ ಇಮೇಲ್ ಮಾಡಿ ಕಳಿಸುವ ಸೇವೆಗಳು ಇವೆ. ಇಲ್ಲಿ ನನ್ನ ಪೂರ್ತಿ ಕೊಡುವ ಹಟ ಕೆಲಸ ಮಾಡಲಿಲ್ಲ. ಜಿಮೇಲ್ ಸುಮಾರು 102 ಕಿಲೋಬೈಟ್ ದಾಟಿದ ಪತ್ರವನ್ನು ಮಧ್ಯಕ್ಕೇ ಕತ್ತರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಅದರ ಗುಣಿತದ ಚಿಹ್ನೆಗೆ ಮತ್ತೆ ಮೂರು. ವಾರದ ನಾಲ್ಕು ಬರಹ ಪೂರ್ತಿ ಹಾಕಿ ಕಳಿಸಿದ ಪತ್ರ ಮೂರನೇ ಬರಹದ ನಡುವೆ ತುಂಡಾಗಿತ್ತು. ಹಾಗಾಗಿ ಇಮೇಲ್‌ಗೆ ತುಣುಕೇ ಸರಿ. ಅದೂ ಯಂತ್ರ ಕತ್ತರಿಸಿದ 55 ಪದ ಬೇಡ, ನಾವೇ ಕೂತು ಬರೆದ ಎರಡು ಮೂರು ಸಾಲು ಬೇಕು. ಬರಹ ಹಾಕಿದ ಕೂಡಲೇ ಕಳಿಸುವುದನ್ನೂ ನೋಡಿದೆ, ಭಾನುವಾರ ಬೆಳಿಗ್ಗೆ ಒಟ್ಟಿಗೆ ಕಳಿಸುವುದನ್ನೂ ನೋಡಿದೆ. ಭಾನುವಾರದ್ದೇ ಚೆನ್ನಾಗಿ ನಡೆಯಿತು. ಊರು ಬಿಟ್ಟವರು ಅವತ್ತು ಊರನ್ನು ನೆನೆಸಿಕೊಳ್ಳುತ್ತಾರೆ. ಉತ್ತರವನ್ನೂ ಬರೆಯುತ್ತಾರೆ, ಅದು ಬೇರೆ ಯಾವ ದಾರಿಯಲ್ಲೂ ನನಗೆ ಸಿಗಲಿಲ್ಲ.

ಟೆಲಿಗ್ರಾಂ ಮತ್ತು ವಾಟ್ಸಾಪ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಟೆಲಿಗ್ರಾಂನಲ್ಲಿ ಒಂದು ಬಾಟ್‌ಗೆ (ತಾನಾಗಿ ಸಂದೇಶ ಹಾಕುವ ಪುಟ್ಟ ಪ್ರೋಗ್ರಾಂ) ಫೀಡ್ ಜೋಡಿಸಿದರೆ ಹೊಸ ಬರಹ ತಾನಾಗಿ ಚಾನೆಲ್‌ಗೆ ಹೋಗುತ್ತದೆ. ಅರ್ಧ ಗಂಟೆಯ ಕೆಲಸ, ಆಮೇಲೆ ಮರೆತುಬಿಡಬಹುದು. ಆದರೆ ನಮ್ಮ ಜನ ಅಲ್ಲಿ ಕಡಿಮೆ. ವಾಟ್ಸಾಪ್ ಚಾನೆಲ್ ಭಾರತಕ್ಕೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಅಲ್ಲಿ ಜನ ಇದ್ದಾರೆ, ಅವರವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದೂ ಇಲ್ಲ. ನಾನು ಪ್ರತಿ ಸಲ ಕೊಂಡಿಯನ್ನು ಕೈಯಾರೆ ಹಾಕುತ್ತಿದ್ದೆ. ಹಾಕಿದ ಎರಡು ಗಂಟೆಯೊಳಗೆ ಸೈಟಿಗೆ ಜನ ನುಗ್ಗುತ್ತಾರೆ. ಮಾರಿಕಾಂಬಾ ಜಾತ್ರೆ ಪೇಟೆಯ ಹಾಗೆ. ಮರುದಿನ ನೋಡಿದರೆ ಬಯಲು. ಒಂದು ವಾರ ನಾನು ಜ್ವರದಲ್ಲಿ ಮಲಗಿದ್ದಾಗ ವಾಟ್ಸಾಪ್‌ನಿಂದ ಒಬ್ಬರೂ ಬರಲಿಲ್ಲ. ಮೊದಲೇ ದಿನಾಂಕ ಹಾಕಿಟ್ಟ ಬರಹಗಳು ಫೀಡ್ ಮತ್ತು ಇಮೇಲ್‌ನಲ್ಲಿ ಅವುಗಳ ಪಾಡಿಗೆ ಹೋಗುತ್ತಿದ್ದವು. ಬರೀ ಒಂದು ದಿನದ ಎಣಿಕೆ ಮುಖ್ಯ ಅನ್ನುವವರು ವಾಟ್ಸಾಪ್ ಹಿಡಿಯಿರಿ. ನನಗೆ ಅದು ಮುಖ್ಯ ಅನ್ನಿಸಲಿಲ್ಲ.

ವಾಟ್ಸಾಪ್ ನನಗೆ ಒಂದು ಪಾಠ ಕಲಿಸಿತು, ಅದು ಫೀಡಿಗೂ ಬೇಕಾದದ್ದು. ಪುಟದ ವಿಳಾಸವನ್ನು ಕನ್ನಡದಲ್ಲಿ ಇಡುವ ಆಸೆ ನನಗೆ. ‘ಕೊಳೆರೋಗ’ ಅಂತ ವಿಳಾಸದಲ್ಲಿ ಬರೆದರೆ ಕಾಪಿ ಮಾಡಿ ಕಳಿಸುವಾಗ ಅದು ಶೇಕಡಾ ಗುರುತುಗಳ ಸಾಲಾಗಿ 63 ಅಕ್ಷರ ಆಗುತ್ತದೆ. ಒಂದೇ ಪದಕ್ಕೆ! ಅಂಥ ಕೊಂಡಿ ನೋಡಿದರೆ ಏನೋ ಮೋಸ ಇರಬೇಕು ಅಂತ ಜನ ಒತ್ತುವುದಿಲ್ಲ. ಮೇಲಾಗಿ ವರ್ಡ್‌ಪ್ರೆಸ್ ಈ ಭಾಗಕ್ಕೆ 200 ಅಕ್ಷರದ ಮಿತಿ ಇಟ್ಟಿದೆ, ಉದ್ದ ಶೀರ್ಷಿಕೆ ಅರ್ಧಕ್ಕೇ ನಿಲ್ಲುತ್ತದೆ. ಮನಸ್ಸಿಗೆ ಬೇಜಾರಾದರೂ ಈಗ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡುತ್ತೇನೆ.

ಸೈಟಿನವರಿಗಾಗಿ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಜೊತೆಗೆ ಫೀಡ್ ವಿಳಾಸವನ್ನೂ ಕೊಡಬಹುದು. ಹೊಸ ಬರಹ ಬಂದದ್ದು ಗೂಗಲ್‌ಗೆ ಬೇಗ ತಿಳಿಯಲು ಅದೂ ಒಂದು ದಾರಿ. ಎರಡು ನಿಮಿಷದ ಕೆಲಸ, ಮಾಡಿಬಿಡಿ.

ಇವೆಲ್ಲದರ ನಡುವೆ ಒಂದು ಸಲ ಫೀಡೇ ನಿಂತುಹೋಗಿತ್ತು. ಸೈಟಿನ ಥೀಮ್ ತಿದ್ದುವಾಗ ಒಂದು ಕಡತದ ತುದಿಯಲ್ಲಿ ಖಾಲಿ ಸಾಲು ಉಳಿದಿತ್ತು. ಫೀಡ್ ಎಕ್ಸ್‌ಎಂಎಲ್ ಅನ್ನುವ ಮಾದರಿಯ ಕಡತ, ಅದು ಎಂಥ ಕಡತ ಅಂತ ಹೇಳುವ ಘೋಷಣೆ ಮೊದಲ ಅಕ್ಷರದಿಂದಲೇ ಶುರುವಾಗಬೇಕು. ಮುಂದೆ ಒಂದು ಖಾಲಿ ಸಾಲು ಬಂದರೂ ಆಪ್‌ಗಳು ಓದಲು ಒಪ್ಪುವುದಿಲ್ಲ. ಸೈಟ್ ಚೆನ್ನಾಗಿಯೇ ಕಾಣುತ್ತಿತ್ತು, ಹಾಗಾಗಿ ನನಗೆ ಒಂಬತ್ತು ದಿನ ತಿಳಿಯಲೇ ಇಲ್ಲ. ‘ಏನು, ಬರೆಯುವುದು ಬಿಟ್ಟಿರಾ?’ ಅಂತ ಮುಂಬೈಯಿಂದ ಒಬ್ಬರು ಇಮೇಲ್ ಮಾಡಿದಾಗಲೇ ಗೊತ್ತಾದದ್ದು. ಆಮೇಲಿಂದ ಏನು ತಿದ್ದಿದರೂ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಫೀಡ್ ಪರೀಕ್ಷಿಸುವ ಪುಟದಲ್ಲಿ ಒಮ್ಮೆ ಹಾಕಿ ನೋಡುತ್ತೇನೆ. ಸಮಯದ ಸೆಟ್ಟಿಂಗ್ ಕೂಡ ನೋಡಿಕೊಳ್ಳಿ. ನನ್ನದು ಭಾರತದ ಸಮಯಕ್ಕೆ ಇರಲಿಲ್ಲ, ಬರಹಗಳ ಹೊತ್ತು ಐದೂವರೆ ಗಂಟೆ ಆಚೀಚೆ ಆಗಿ ಆಪ್‌ಗಳ ಪಟ್ಟಿಯಲ್ಲಿ ಕೆಳಗೆಲ್ಲೋ ಸೇರುತ್ತಿದ್ದವು.

ಈಗ ನನ್ನಲ್ಲಿ ನಡೆಯುತ್ತಿರುವುದು ಹೀಗೆ. ಫೀಡ್ ಪೂರ್ತಿ. ಅದರಿಂದಲೇ ಭಾನುವಾರದ ಇಮೇಲ್, ಕೈಯಾರೆ ಬರೆದ ತುಣುಕಿನ ಜೊತೆ. ಟೆಲಿಗ್ರಾಂ ತನ್ನಷ್ಟಕ್ಕೆ. ವಾಟ್ಸಾಪ್‌ಗೆ ತಿಂಗಳಿಗೆ ಎರಡೇ ಬರಹ, ಊರಿಗೆಲ್ಲ ತುರ್ತಾಗಿ ಬೇಕಾದದ್ದು ಮಾತ್ರ. ಮಳೆ ಬಿಡುವು ಕೊಟ್ಟಾಗ ಔಷಧಿ ಹೊಡೆಯುವ ವಿಷಯದಂಥದ್ದು. ಸೈಟಿನ ಪ್ರತಿ ಬರಹದ ಕೆಳಗೆ ಫೀಡ್ ಹೇಗೆ ಸೇರಿಸಿಕೊಳ್ಳುವುದು ಅಂತ ಮೂರು ಸಾಲಿನ ವಿವರಣೆ ಇದೆ. ಬರೀ ಫೀಡಿನ ಗುರುತಾದ ಕಿತ್ತಳೆ ಬಣ್ಣದ ಚಿತ್ರ ಇಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಗೆಳತಿ ಮೊನ್ನೆ ಫೋನ್ ಮಾಡಿದ್ದಳು. ಅವಳೂ ಪೂರ್ತಿ ಫೀಡಿಗೆ ಬದಲಾಯಿಸಿದ್ದಾಳೆ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಆ ಎರಡು ತಿಂಗಳು ಒಣಮೀನು ಮತ್ತು ಬಳಚಿನ (ಚಿಪ್ಪುಮೀನು) ಅಡುಗೆ ಬರೆದಿಟ್ಟುಕೊಳ್ಳುತ್ತಾಳೆ. ದೋಣಿಗಳು ಮತ್ತೆ ಕಡಲಿಗೆ ಇಳಿದ ದಿನ ಮೊದಲ ಬರಹ ಹೋಗುತ್ತದೆ. ಸಿದ್ದಾಪುರದ ಭಾವ ಅವಳ ಫೀಡನ್ನು ಮತ್ತೆ ಸೇರಿಸಿಕೊಂಡಿದ್ದಾರೆ. ಅವರ ಮನೆಯಲ್ಲಿ ಮೀನು ಮಾಡುವುದಿಲ್ಲ, ಓದಲಿಕ್ಕೆ ಚೆಂದ ಇರುತ್ತದೆ ಅನ್ನುತ್ತಾರೆ.