ಏಜೆನ್ಸಿಯ ಹುಡುಗಿ, ಪಕ್ಕದ ಬೀದಿಯ ಅಕ್ಕ, ಮನೆಗೆ ಬರುವ ಸಿಸ್ಟರ್: ಅಮ್ಮನಿಗೆ ಯಾರು ಒದಗಿದರು?

ಅಮ್ಮನಿಗೆ 78 ವರ್ಷ. ಕಳೆದ ವರ್ಷ ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ಕೋಲಾರದ ಮನೆಗೆ ಕರೆತಂದಾಗ ಮೂಗಿನಲ್ಲಿ ಊಟದ ಟ್ಯೂಬ್ ಇತ್ತು, ಮೂತ್ರಕ್ಕೆ ಕ್ಯಾತಿಟರ್ ಇತ್ತು. 'ಮನೇಲಿ ಒಬ್ಬ ನರ್ಸ್ ಇಟ್ಕೊಳ್ಳಿ' ಅಂದರು ಆಸ್ಪತ್ರೆಯವರು. ನಾನು, ತಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಒಂಬತ್ತು ತಿಂಗಳಲ್ಲಿ ಮೂರು ಬಗೆಯ ವ್ಯವಸ್ಥೆ ಮಾಡಿ ನೋಡಿದೆವು.

ಮೊದಲು ಬೆಂಗಳೂರಿನ ಒಂದು ಏಜೆನ್ಸಿ. ಮನೆಯಲ್ಲೇ ಉಳಿದು 24 ಗಂಟೆ ನೋಡಿಕೊಳ್ಳುವವರು, ತಿಂಗಳಿಗೆ 28,000 ರೂಪಾಯಿ, ನೋಂದಣಿಗೆ 5,000. ಊಟ, ವಸತಿ ನಮ್ಮದು. ಬಂದ ಹುಡುಗಿ ಬೇರೆ ರಾಜ್ಯದವಳು, ತುಂಬ ಚುರುಕು. ಗ್ಲೌಸ್ ಹಾಕದೆ ಅಮ್ಮನನ್ನು ಮುಟ್ಟುತ್ತಿರಲಿಲ್ಲ. ಆದರೆ ಅವಳಿಗೆ ಬರುತ್ತಿದ್ದುದು ಹಿಂದಿ ಮಾತ್ರ. ನಮ್ಮದು ತೆಲುಗು ಮನೆಮಾತು. ಲಕ್ವಾ ಆದ ಮೇಲೆ ಅಮ್ಮನ ಬಾಯಲ್ಲಿ ಉಳಿದಿದ್ದೇ ಹತ್ತಿಪ್ಪತ್ತು ಮಾತು, ಅವೂ ತೆಲುಗು. ನೀರು ಬೇಕಾಗಿ 'ನೀಳ್ಳು' ಅಂದರೆ ಆ ಹುಡುಗಿ ಹೊದಿಕೆ ಸರಿಮಾಡುತ್ತಿದ್ದಳು. ಒಂದೆರಡು ವಾರಕ್ಕೆ ಅಮ್ಮ ಕೇಳುವುದನ್ನೇ ಬಿಟ್ಟರು. ಅದು ನನಗೆ ಇವತ್ತಿಗೂ ನೋವು.

ನಾಲ್ಕನೇ ವಾರ ಅಮ್ಮನನ್ನು ಮಗ್ಗುಲಿಗೆ ತಿರುಗಿಸಿದಾಗ ಬಾಲದ ಮೂಳೆಯ ಮೇಲೆ ಕೆಂಪಗಾಗಿತ್ತು. ಮಲಗಿದಲ್ಲೇ ಮಲಗಿದವರಿಗೆ ಆಗುವ ಹುಣ್ಣಿನ ಮುನ್ಸೂಚನೆ ಅದು. ಹುಡುಗಿ ಅಲ್ಲಿಗೆ ಪೌಡರ್ ಹಾಕಿ ದಿನಾ ತಿಕ್ಕುತ್ತಿದ್ದಳಂತೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾಳೆ. ಆದರೆ ಕೆಂಪಾದ ಜಾಗವನ್ನು ತಿಕ್ಕಲೇಬಾರದು, ಒಳಗಿನ ಮಾಂಸ ಇನ್ನೂ ಹಾಳಾಗುತ್ತದೆ. ಆಮೇಲೆ ವಿಚಾರಿಸಿದರೆ ಅವಳು ನರ್ಸ್ ಅಲ್ಲವೇ ಅಲ್ಲ, ಕೆಲವು ತಿಂಗಳ ತರಬೇತಿ ಪಡೆದ ಅಟೆಂಡರ್. ನಾನೇ ಮೊದಲ ದಿನ ಕೇಳಬೇಕಿತ್ತು. ನರ್ಸಿಂಗ್ ಓದಿನಲ್ಲೇ ಬೇರೆ ಬೇರೆ ಹಂತ ಇವೆ: ಎಎನ್‌ಎಂ ಅಂದರೆ ಎರಡು ವರ್ಷದ ಓದು, ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಓದಿದವರಿಗೆ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತದೆ. ಏಜೆನ್ಸಿಯವರು ಎಲ್ಲರನ್ನೂ 'ಸಿಸ್ಟರ್' ಅಂದುಬಿಡುತ್ತಾರೆ, ನಾವು ನಂಬಿಬಿಡುತ್ತೇವೆ. ಅವಳು ಊರಿಗೆ ಹೋದಳು. ಬದಲಿಯವಳು ಬರಲು ಆರು ದಿನ ಆಯಿತು. ಮತ್ತೆ ಎಲ್ಲ ಮೊದಲಿಂದ ಹೇಳಿಕೊಡಬೇಕಾಯಿತು.

ಎರಡನೆಯದು ಪಕ್ಕದ ಬೀದಿಯ ಅಕ್ಕ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ತಿಂಗಳಿಗೆ 14,000. ಬಂದ ದಿನವೇ 'ಅವ್ವಾ' ಅಂತ ಕರೆದು ತೆಲುಗಿನಲ್ಲಿ ಮಾತಿಗೆ ಕೂತರು. ಅಮ್ಮ ಅತ್ತರು, ಆಮೇಲೆ ನಕ್ಕರು. ಈ ಅಕ್ಕ ಹಿಂದೆ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕಿದವರು. ಹೊತ್ತು ಹೊತ್ತಿಗೆ ಸೊಪ್ಪು ಹಾಕಿ, ಹಾಸು ಶುಚಿ ಮಾಡಿ ಅಭ್ಯಾಸ ಇದ್ದ ಕೈ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂದರೆ ಅವರಿಗೆ ಗಡಿಯಾರವೇ ಬೇಡ.

ಆದರೆ ಟ್ಯೂಬಿನ ವಿಷಯದಲ್ಲಿ ಎಡವಿದೆವು. ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಂತೆಯೇ ರಾಗಿ ಗಂಜಿ ಹಾಕಿದ್ದಾರೆ. ಅಮ್ಮ ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ ಉಸಿರಿಗೆ ಒದ್ದಾಡಿದರು. ಗಂಜಿ ಶ್ವಾಸಕೋಶಕ್ಕೆ ಹೋಗಿದ್ದರೆ ನ್ಯುಮೋನಿಯಾ ಆಗಬಹುದಿತ್ತು. ಪುಣ್ಯಕ್ಕೆ ಆಗಲಿಲ್ಲ. ಅಕ್ಕ ಎರಡು ದಿನ ಊಟ ಬಿಟ್ಟರು. ತಪ್ಪು ಅವರದಲ್ಲ. ಹೇಳಿಕೊಡುವವರೇ ಇಲ್ಲದೆ ನಾವು ಅವರ ಕೈಗೆ ಸಿರಿಂಜ್ ಕೊಟ್ಟಿದ್ದೆವು.

ಆಗ ಸಿಕ್ಕವರು ಸಿಸ್ಟರ್. ಜಿಎನ್‌ಎಂ ಓದಿದವರು, ಆಸ್ಪತ್ರೆಯ ಶಿಫ್ಟ್ ಮುಗಿಸಿ ವಾರಕ್ಕೆ ಮೂರು ದಿನ ಬರುತ್ತಾರೆ. ಒಂದು ಸಲಕ್ಕೆ 500. ಅಕ್ಕನನ್ನು ಬಿಡಿಸಲಿಲ್ಲ, ಇಬ್ಬರನ್ನೂ ಸೇರಿಸಿದೆವು. ತಿಂಗಳಿಗೆ ಹೆಚ್ಚುಕಡಿಮೆ 20,000 ಆಗುತ್ತದೆ, ಏಜೆನ್ಸಿಗಿಂತ 8,000 ಕಡಿಮೆ. ಸಿಸ್ಟರ್ ಡ್ರೆಸ್ಸಿಂಗ್ ಮಾಡುತ್ತಾರೆ, ಡಾಕ್ಟರ್ ಹೇಳಿದ ಹೊತ್ತಿಗೆ ಟ್ಯೂಬ್, ಕ್ಯಾತಿಟರ್ ಬದಲಿಸುತ್ತಾರೆ. ಅದಕ್ಕಿಂತ ದೊಡ್ಡದು, ಅಕ್ಕನಿಗೂ ನಮಗೂ ಕಲಿಸಿದರು. ಊಟ ಹಾಕುವಾಗ ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು. ಮುಗಿದ ಮೇಲೂ ಅರ್ಧ ಗಂಟೆಯಾದರೂ ಹಾಗೇ ಇರಬೇಕು. ರಾಗಿ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಬೇಕು, ಕೊನೆಗೆ ನೀರು ಹಾಕಿ ಟ್ಯೂಬ್ ತೊಳೆಯಬೇಕು. ಮೂತ್ರದ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೇ ತೂಗಬೇಕು, ನೆಲ ಮುಟ್ಟಬಾರದು. ಚರ್ಮ ಕೆಂಪಾದರೆ ಬೆರಳಿನಿಂದ ಒತ್ತಿ ಬಿಡಿ. ಬಿಳುಚಿ ಮತ್ತೆ ಕೆಂಪಾದರೆ ಸ್ವಲ್ಪ ನೆಮ್ಮದಿ, ಒತ್ತಿದರೂ ಬಿಳುಚದಿದ್ದರೆ ಹುಣ್ಣು ಶುರುವಾಗಿದೆ ಅಂತ. ಅಮ್ಮನ ಸೊಂಟದ ಕೆಳಗೆ ಇಡಲು ನಾವು ತಂದಿದ್ದ ರಬ್ಬರ್ ರಿಂಗನ್ನೂ ತೆಗೆಸಿದರು. ಅದು ಸುತ್ತಲಿನ ರಕ್ತ ಓಡಾಟವನ್ನೇ ತಡೆಯುತ್ತದಂತೆ.

ಮೋಟಾರ್‌ನಿಂದ ಗಾಳಿ ತುಂಬುವ ಹಾಸಿಗೆ, ಏರ್ ಬೆಡ್, ಆಗಲೇ ತಂದಿದ್ದೆವು. ಕರೆಂಟ್ ಹೋದರೆ ಅದರ ಮೋಟಾರ್ ನಿಲ್ಲುತ್ತದೆ ಅನ್ನುವುದು ಬೇಸಿಗೆ ಬಂದ ಮೇಲೆ ಹೊಳೆಯಿತು. ಈಗ ಯುಪಿಎಸ್‌ಗೆ ಸೇರಿಸಿದ್ದೇವೆ. ಏರ್ ಬೆಡ್ ಇದೆ ಅಂತ ಮಗ್ಗುಲು ಬದಲಿಸುವುದನ್ನು ಮಾತ್ರ ಬಿಡಬೇಡಿ.

ಸರ್ಕಾರದ ಗೃಹ ಆರೋಗ್ಯ ಯೋಜನೆ ಇದೆಯಲ್ಲ ಅಂತ ಕೆಲವರು ಕೇಳಿದರು. 2024ರಲ್ಲಿ ನಮ್ಮ ಕೋಲಾರದಿಂದಲೇ ಶುರುವಾಗಿದ್ದು ಅದು. ಮನೆಗೇ ಬಂದು ಬಿಪಿ, ಶುಗರ್ ನೋಡುವುದಕ್ಕೆ ಒಳ್ಳೆಯದು. ಹಾಸಿಗೆ ಹಿಡಿದವರ ದಿನದ ಆರೈಕೆ ಅದರ ಕೆಲಸವಲ್ಲ.

ನನ್ನ ಮಟ್ಟಿಗೆ ಅಕ್ಕ ಮತ್ತು ಸಿಸ್ಟರ್ ಜೋಡಿಯೇ ಸರಿ. ಉಸಿರಾಟಕ್ಕೆ ಅಂತ ಗಂಟಲಿಗೆ ರಂಧ್ರ ಮಾಡಿ ಟ್ಯೂಬ್ ಹಾಕಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಆಗಾಗ ಕಫ ಎಳೆದು ತೆಗೆಯಬೇಕಾದವರಿಗೆ ಓದಿದ ನರ್ಸ್ ಹಗಲೂ ರಾತ್ರಿ ಬೇಕು, ಖರ್ಚು ಎಷ್ಟೇ ಆದರೂ. ಮಕ್ಕಳು ಹೊರಗಿದ್ದು ರಾತ್ರಿ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಏಜೆನ್ಸಿ ಬಿಟ್ಟು ದಾರಿಯಿಲ್ಲ. ಆಗ ಓದು, ನೋಂದಣಿ ಸಂಖ್ಯೆ, ಭಾಷೆ, ರಜೆ ಹಾಕಿದರೆ ಬದಲಿ ಎಷ್ಟು ದಿನದಲ್ಲಿ ಅನ್ನುವುದನ್ನು ದುಡ್ಡು ಕಟ್ಟುವ ಮೊದಲೇ ಬರೆಸಿಕೊಳ್ಳಿ.

ನಮ್ಮ ವ್ಯವಸ್ಥೆಯಲ್ಲೂ ರಾತ್ರಿಯ ಕಷ್ಟ ಉಳಿದೇ ಇದೆ. ಹತ್ತು ಮತ್ತು ಹನ್ನೆರಡು ಗಂಟೆಯ ಸರದಿ ನನ್ನದು, ಎರಡು ಮತ್ತು ನಾಲ್ಕು ತಮ್ಮನದು. ತಿರುಗಿಸಿದ ಹೊತ್ತು, ಯಾವ ಮಗ್ಗುಲು ಅಂತ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇವೆ. ಬೆಳಿಗ್ಗೆ ಎಂಟಕ್ಕೆ ಅಕ್ಕ ಬಂದವರೇ ಮೊದಲು ಅದನ್ನು ನೋಡುತ್ತಾರೆ, ಆಮೇಲೆ 'ಅವ್ವಾ' ಅಂತ ಕರೆಯುತ್ತಾರೆ.