ನಾಲ್ಕು ವರ್ಷದ ಕಾರು, ಒಂದು ಕೂಲಿಂಗ್ ಕಾಯಿಲ್ ಮತ್ತು ಬಿಲ್ಲಿನ 354 ರೂಪಾಯಿ

ಮೈಲೇಜ್ ಎಷ್ಟು, ಬೂಟ್ ಎಷ್ಟು ದೊಡ್ಡದು, ಏರ್‌ಬ್ಯಾಗ್ ಎಷ್ಟು ಎಂಬುದೆಲ್ಲ ನೀವು ಈಗಾಗಲೇ ಹತ್ತು ಕಡೆ ಓದಿರುತ್ತೀರಿ. ಅದನ್ನು ಬಿಡುತ್ತೇನೆ. ನನ್ನದು 2021ರ ಚೌತಿಯ ದಿನ ಡೆಲಿವರಿ ತೆಗೆದುಕೊಂಡ ಪೆಟ್ರೋಲ್ ಗಾಡಿ. ಮರುವಾರ ಆನೆಗುಡ್ಡೆಗೆ ಕೊಂಡುಹೋಗಿ ಪೂಜೆ ಮಾಡಿಸಿದ್ದು. ಈಗ ಮೀಟರ್ 95 ಸಾವಿರ ದಾಟಿದೆ. ಮನೆ ಸಂತೆಕಟ್ಟೆ, ಕೆಲಸ ಬೈಕಂಪಾಡಿಯ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗ. ಹೋಗಿ ಬರಲು ದಿನಕ್ಕೆ ಹತ್ತಿರ ಹತ್ತಿರ ನೂರು ಕಿಲೋಮೀಟರ್, ಎಲ್ಲ ಹೆದ್ದಾರಿ 66ರಲ್ಲೇ. ಯಾವ ಕಂಪನಿ, ಯಾವ ಡೀಲರ್ ಎಂದು ಕೇಳಬೇಡಿ. ನಾನು ಹೆಸರು ಹೇಳಿದರೆ ಉಳಿದವರೆಲ್ಲ ಸಾಚಾ ಎಂದು ನೀವು ತಿಳಿದುಕೊಳ್ಳುತ್ತೀರಿ, ಅಷ್ಟೇ.

ಕಾರಿನ ಮೇಲೆ ನನಗೆ ಸಿಟ್ಟಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಅಂಗಳಕ್ಕೆ ಬಂದರೆ ಗಾಜಿನ ಮೇಲೆ ಉಪ್ಪುಗಾಳಿಯ ಮಂಜು ಕೂತಿರುತ್ತದೆ. ಹಳೆಯ ಮುಂಡಿನ ತುಂಡನ್ನು ಒದ್ದೆ ಮಾಡಿ ಒಮ್ಮೆ, ಒಣ ತುಂಡಿನಲ್ಲಿ ಇನ್ನೊಮ್ಮೆ ಒರೆಸಬೇಕು. ಆಮೇಲೆ ನಾಲ್ಕೂ ಕಿಟಕಿ ಇಳಿಸಿ, ಫ್ಯಾನ್ ಎರಡರಲ್ಲಿ ಇಟ್ಟು, ಅಂಡರ್‌ಪಾಸ್ ಕೆಲಸದ ಧೂಳು ಶುರುವಾಗುವ ಮೊದಲೇ ಕಿಟಕಿ ಏರಿಸಿ ಎಸಿ ಒತ್ತುವುದು. ಸಂಜೆ ಹಿಂದೆ ಬರುವಾಗ ಅಂಬಲಪಾಡಿ ಹತ್ತಿರ ಎಸಿ ಆಫ್ ಮಾಡಿ ಬರೀ ಫ್ಯಾನ್ ಓಡಿಸುತ್ತೇನೆ. ಒಳಗೆ ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್ ಒಣಗಿದರೆ ಬೂಸ್ಟು ಹಿಡಿದ ವಾಸನೆ ಬರುವುದಿಲ್ಲ ಎಂದು ಯಾರೋ ಹೇಳಿದ್ದರು. ಮೊದಲ ದಿನದಿಂದ ಮಾಡಿದ ವ್ರತ ಇದು. ಕಾಯಿಲನ್ನು ಇಷ್ಟು ಮುದ್ದಿನಿಂದ ನೋಡಿಕೊಂಡವನಿಗೇ ಕಾಯಿಲ್ ಕೈಕೊಟ್ಟಿತು, ಎಂತ ಹೇಳುವುದು.

2024ರ ಮಾರ್ಚ್. ಪಡುಬಿದ್ರಿ ದಾಟುವಷ್ಟರಲ್ಲಿ ಬೆನ್ನು ಸೀಟಿಗೆ ಅಂಟುತ್ತಿತ್ತು. ವರ್ಕ್‌ಶಾಪಿಗೆ ಹೋದರೆ ಸರ್ವಿಸ್ ಅಡ್ವೈಸರ್ ವೆಂಟಿಗೆ ಕೈ ಹಿಡಿದು, "ಗ್ಯಾಸ್ ಕಮ್ಮಿ ಆಗಿದೆ ಸರ್, ಹಾಕಿ ಕೊಡುವ" ಎಂದರು. ಹಾಕಿದರು. ಎರಡು ಸಾವಿರದ ನಾಲ್ಕುನೂರು ಚಿಲ್ಲರೆ ಬಿಲ್. ಆಫೀಸಿನಲ್ಲಿ ಇನ್ನೊಬ್ಬರ ಬಿಲ್ಲನ್ನು ಸಾಲು ಸಾಲಾಗಿ ಜಾಲಾಡುವವನು ನಾನು, ಅವತ್ತು ಜಾಬ್ ಕಾರ್ಡಿಗೆ ಕಣ್ಣು ಮುಚ್ಚಿ ಸಹಿ ಹಾಕಿದೆ. ಮನೆಗೆ ಬಂದು ನೋಡಿದರೆ ದೂರಿನ ಕಾಲಮ್ಮಿನಲ್ಲಿ ಬರೆದದ್ದು: "ಗ್ರಾಹಕರ ಕೋರಿಕೆಯಂತೆ ಎಸಿ ಗ್ಯಾಸ್ ಟಾಪಪ್". ಕೋರಿಕೆ ಎಂತದ್ದು ಮಾರಾಯ್ರೆ, ನಾನು ಹೇಳಿದ್ದು ತಂಪಾಗುವುದಿಲ್ಲ ಎಂದು.

ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವ ವಸ್ತು ಅಲ್ಲ. ಸಣ್ಣ ಕಾರಿನಲ್ಲಿ ಅದು ನಾಲ್ಕುನೂರು ಚಿಲ್ಲರೆ ಗ್ರಾಂ ಇರುತ್ತದೆ. ಕಂಪ್ರೆಸರಿನಿಂದ ಮುಂದೆ ರೇಡಿಯೇಟರ್ ಎದುರಿನ ಕಂಡೆನ್ಸರಿಗೆ, ಅಲ್ಲಿಂದ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲಿಗೆ, ಮತ್ತೆ ಕಂಪ್ರೆಸರಿಗೆ ಎಂದು ಮುಚ್ಚಿದ ಕೊಳವೆಯೊಳಗೇ ಸುತ್ತುತ್ತಿರುತ್ತದೆ. ಎರಡೂವರೆ ವರ್ಷದ ಕಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಆಗಿದೆ ಎಂದರೆ ಎಲ್ಲೋ ತೂತು ಉಂಟು ಎಂದೇ ಅರ್ಥ. ಇದು ಆಗ ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಮಳೆಗಾಲದಲ್ಲಿ ಸೆಕೆ ಇಲ್ಲದ ಕಾರಣ ಎರಡು ತಿಂಗಳು ತಲೆಗೆ ಹೋಗಲಿಲ್ಲ. ಆಗಸ್ಟಿನಲ್ಲಿ ಒಂದು ರಾತ್ರಿ ಮುಲ್ಕಿ ಬಳಿ ಧೋ ಎಂದು ಮಳೆ, ಎದುರಿನ ಗಾಜು ಒಳಗಿನಿಂದ ಬೆಳ್ಳಗಾಯಿತು. ಎಸಿ ಹಾಕಿದರೆ ಒಂದು ನಿಮಿಷದಲ್ಲಿ ಬಿಡಬೇಕಾದ ಮಂಜು ಬಿಡಲೇ ಇಲ್ಲ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಮುಂಡಿನ ತುಂಡು, ಹಿಂದಿನಿಂದ ಮೀನಿನ ಲಾರಿ. ಹಾಗೆ ಹೆಜಮಾಡಿ ಟೋಲ್ ತನಕ ಬಂದೆ.

ಆಗಸ್ಟ್ 21ಕ್ಕೆ ಮತ್ತೆ ವರ್ಕ್‌ಶಾಪ್. ಮೂರು ವರ್ಷದ ವಾರಂಟಿ ಮುಗಿಯಲು ಇನ್ನೂ ಇಪ್ಪತ್ತು ದಿನ ಇತ್ತು. ಈ ಸಲ ಹಠ ಹಿಡಿದು "ತಂಪು ಇಲ್ಲ, ಎರಡನೇ ಸಲ, ಸೋರಿಕೆ ಪತ್ತೆ ಮಾಡಿ" ಎಂದು ಬರೆಸಿದೆ. ಸಂಜೆ ಕಾರು ಕೊಡುವಾಗ, "ಚೆಕ್ ಮಾಡಿದೆವು ಸರ್, ಲೀಕೇಜ್ ಸಿಗಲಿಲ್ಲ, ಗ್ಯಾಸ್ ಹಾಕಿದ್ದೇವೆ" ಎಂಬ ಉತ್ತರ. ಅದೇ ಕೌಂಟರಿನಲ್ಲಿ ಹುಡುಗಿಯೊಬ್ಬಳು ಇನ್ನೆರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ 11,600ಕ್ಕೆ ಉಂಟು ಎಂದಳು. ಮಗಳ ಕಾಲೇಜು ಫೀಸ್ ಕಟ್ಟಿದ ತಿಂಗಳು ಅದು. ಬೇಡ ಎಂದೆ. ಆ 'ಬೇಡ' ನನ್ನ ತಪ್ಪು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ನವೆಂಬರಿಗೆ ಗ್ಯಾಸ್ ಪುನಃ ಖಾಲಿ. ಅಷ್ಟರಲ್ಲಿ ನಾನು ವೆಂಟಿಗೆ ಸಿಕ್ಕಿಸುವ ಇನ್ನೂರೈವತ್ತರ ಥರ್ಮಾಮೀಟರ್ ತಂದಿದ್ದೆ. ಗ್ಯಾಸ್ ಹಾಕಿದ ದಿನ 8 ಡಿಗ್ರಿ ತೋರಿಸಿದ್ದು ಈಗ 21. ಈ ಸಲ ಅವರಿಗೆ ಸೋರಿಕೆ ಅರ್ಧ ಗಂಟೆಯಲ್ಲಿ ಸಿಕ್ಕಿತು. ವಾರಂಟಿ ಮುಗಿದ ಮೇಲೆ ಕಣ್ಣು ಚುರುಕಾಗುತ್ತದೆ ಅಂತ ಕಾಣುತ್ತದೆ. "ಕೂಲಿಂಗ್ ಕಾಯಿಲ್ ಹೋಗಿದೆ. ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು. ಎಲ್ಲ ಸೇರಿ 27,800."

ಆಗಸ್ಟಿನಲ್ಲೇ ಹೇಳಿದ್ದೆನಲ್ಲ ಎಂದರೆ, ಆಗ ಲೀಕ್ ಇರಲಿಲ್ಲ ಎಂದರು. ವರ್ಕ್ಸ್ ಮ್ಯಾನೇಜರ್ ಬಂದು ವಾರಂಟಿ ಪುಸ್ತಕದ ಒಂದು ಪುಟ ತೆರೆದು ಬೆರಳಿಟ್ಟರು. ಗಾಳಿಯಲ್ಲಿ ಬರುವ ರಾಸಾಯನಿಕ, ಮರದ ಅಂಟು, ಆಲಿಕಲ್ಲು, ಉಪ್ಪು ಇವುಗಳಿಂದ ಆಗುವ ಹಾನಿ ವಾರಂಟಿಗೆ ಬರುವುದಿಲ್ಲ. ಅಂದರೆ ವಾರಂಟಿ ಇದ್ದಿದ್ದರೂ ನಿಮಗೆ ಸಿಗುತ್ತಿರಲಿಲ್ಲ ಎಂದು ಸಮಾಧಾನ ಬೇರೆ. ಬೈಂದೂರಿನಿಂದ ಹೆಜಮಾಡಿವರೆಗೆ ಉಪ್ಪುಗಾಳಿ ಕುಡಿದೇ ಬದುಕುವ ಜಿಲ್ಲೆಯಲ್ಲಿ ಶೋರೂಮ್ ಹಾಕಿ ಕೂತವರು ಹೇಳುವ ಮಾತಾ ಇದು? ಹಾಗಾದರೆ ವಾರಂಟಿ ದಾವಣಗೆರೆಯವರಿಗೆ ಮಾತ್ರವಾ?

ಅಡ್ವೈಸರ್ ಮೆಲ್ಲ ಇನ್ನೊಂದು ಬಾಣ ಬಿಟ್ಟರು: "ಕಾರಲ್ಲಿ ಮೀನು ತರ್ತೀರಾ ಸರ್?"

ತರುತ್ತೇನೆ. ಭಾನುವಾರ ಮಲ್ಪೆಯಿಂದ ಮುಚ್ಚಳ ಇರುವ ಬಕೆಟಿನಲ್ಲಿ ಬಂಗುಡೆ, ಬೂಟಿನಲ್ಲಿ ಅಡಿಗೆ ಗೋಣಿ ಹಾಸಿ. ಉಡುಪಿಯಲ್ಲಿ ಮೀನು ತಿನ್ನುವ ಮನೆಯ ಕಾರಿಗೆ ಇದು ಮೂಲಭೂತ ಕರ್ತವ್ಯ. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ನಮ್ಮದು ಒಣಮೀನಿನ ಚಟ್ನಿ, ಬಕೆಟ್ ಅಟ್ಟದ ಮೇಲೆ. ಗ್ಯಾಸ್ ಸೋರಿ ಗಾಜು ಬೆಳ್ಳಗಾದದ್ದು ಆ ರಜೆ ಮುಗಿಯುವಷ್ಟರಲ್ಲಿ. ಇದನ್ನು ಹೇಳಿದಾಗ ಪಕ್ಕದ ಟೇಬಲಿನವರು ನಕ್ಕರು, ಮ್ಯಾನೇಜರ್ ನಗಲಿಲ್ಲ.

ಅವತ್ತು ಕಾರು ಹಾಗೇ ತಂದೆ. ಕಟಪಾಡಿ ಕಡೆ ಎಸಿ ಕೆಲಸ ಮಾಡುವ ಒಬ್ಬರು ಹಿರಿಯರಿದ್ದಾರೆ. ಬಿಚ್ಚುವುದು ಬೇಡ, ಸುಮ್ಮನೆ ನೋಡಿ ಹೇಳಿ ಎಂದೆ. ಹೊರಗಿನವರು ಒಂದು ಸ್ಕ್ರೂ ಮುಟ್ಟಿದರೂ ಅದೇ ಇನ್ನೊಂದು ನೆಪ ಆಗುತ್ತದೆ. ಅವರು ಎಸಿ ಓಡಿಸಿ, ಶೆಡ್ಡಿನ ಶಟರ್ ಅರ್ಧ ಎಳೆದು, ಹಳದಿ ಕನ್ನಡಕ ಹಾಕಿ, ನೇರಳೆ ಬೆಳಕಿನ ಟಾರ್ಚ್ ಹಿಡಿದು ಎಡಗಡೆ ಕಾರಿನ ಅಡಿಗೆ ತಲೆ ಹಾಕಿದರು. "ಬನ್ನಿ ಇಲ್ಲಿ" ಎಂದು ಕನ್ನಡಕ ನನಗೆ ಕೊಟ್ಟರು. ಕಾಯಿಲಿನ ನೀರು ಇಳಿಯುವ ರಬ್ಬರ್ ಪೈಪಿನ ತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು. ಮಿಂಚುಹುಳದ ಹಾಗೆ ಹಸಿರು. ಅದು ಬಿದ್ದು ಇನ್ನೊಂದು ಕಟ್ಟಿತು, ಅದೂ ಹಸಿರು. ಮುಂದೆ ಕಂಡೆನ್ಸರಿಗೆ ಟಾರ್ಚ್ ಬಿಟ್ಟರು: ಕೆಸರು ಉಂಟು, ಸತ್ತ ಚಿಟ್ಟೆ ಉಂಟು, ಹಸಿರು ಎಲ್ಲಿಯೂ ಇಲ್ಲ.

"ಡೈ ಹಾಕಿದ್ದು ಯಾರು?" ಎಂದು ಅವರು ಕೇಳಿದರು. ಆ ಬಣ್ಣ ತಾನಾಗಿ ಬರುವುದಿಲ್ಲವಂತೆ. ಸೋರಿಕೆಯ ಅನುಮಾನ ಇದ್ದವರು ಗ್ಯಾಸಿನೊಟ್ಟಿಗೆ ಒಳಗೆ ಬಿಡುತ್ತಾರೆ. ತೂತು ಇರುವಲ್ಲಿ ಎಣ್ಣೆಯ ಜೊತೆ ಹೊರಬಂದು ಟಾರ್ಚಿಗೆ ಹೊಳೆಯುತ್ತದೆ. ಒಂದೆರಡು ವಾರ ಓಡಿಸಿ ಪುನಃ ಕರೆದು ನೋಡಬೇಕು, ಅದೇ ಕ್ರಮ.

ಮನೆಗೆ ಬಂದು ಆಗಸ್ಟಿನ ಬಿಲ್ ಹುಡುಕಿದೆ. ಏಳನೇ ಸಾಲು: "ಯುವಿ ಡೈ, 300.00". ಶೇಕಡಾ 18 ಜಿಎಸ್‌ಟಿ ಸೇರಿ 354 ರೂಪಾಯಿ. ಮಾಡಿದವರು ಅವರೇ, ವಾರಂಟಿಯೊಳಗೇ, ನನ್ನ ದುಡ್ಡಿನಲ್ಲಿ. ಎರಡು ವಾರ ಬಿಟ್ಟು ಬನ್ನಿ ಎಂದು ಹೇಳಬೇಕಾದವರು ಹೇಳಲಿಲ್ಲ. ಬಿಲ್ಲಿಗೆ ಪಿನ್ ಮಾಡಿದ್ದ ಎಸಿ ಮೆಷಿನಿನ ಚೀಟಿಯಲ್ಲಿ ಹೊರತೆಗೆದ ಗ್ಯಾಸ್ 140 ಗ್ರಾಂ, ಹಾಕಿದ್ದು 430 ಎಂದು ಅಚ್ಚಾಗಿತ್ತು. ಮಾರ್ಚಿನಲ್ಲಿ ತುಂಬಿಸಿದ್ದರಲ್ಲಿ 290 ಗ್ರಾಂ ಐದು ತಿಂಗಳಲ್ಲಿ ಮಾಯ, ಆದರೂ "ಲೀಕೇಜ್ ಸಿಗಲಿಲ್ಲ".

ಅಲ್ಲಿಂದ ಮುಂದೆ ನಾನು ಬಾಯಿ ಮಾತು ಬಿಟ್ಟೆ. ಡೀಲರಿಗೂ ಕಂಪನಿಯ ಕಸ್ಟಮರ್ ಕೇರಿಗೂ ಒಂದೇ ಇಮೇಲ್: ಎರಡು ಜಾಬ್ ಕಾರ್ಡ್, ಬಿಲ್, ಮೆಷಿನ್ ಚೀಟಿ, ಹಸಿರು ಹನಿಯ ವಿಡಿಯೋ. ಪ್ರಶ್ನೆ ಮೂರೇ. ಸೋರಿಕೆ ಇಲ್ಲದಿದ್ದರೆ ಡೈ ಯಾಕೆ ಹಾಕಿದಿರಿ? ಉಪ್ಪುಗಾಳಿ ತಿಂದದ್ದು ಹೌದಾದರೆ ಹೆದ್ದಾರಿಯ ಗಾಳಿಗೆ ಎದೆಯೊಡ್ಡಿ ನಿಂತ ಕಂಡೆನ್ಸರ್ ನೆಟ್ಟಗಿದ್ದು ಡ್ಯಾಶ್‌ಬೋರ್ಡ್ ಒಳಗೆ ಪೆಟ್ಟಿಗೆಯಲ್ಲಿ ಕೂತ ಕಾಯಿಲ್ ಮಾತ್ರ ಹೇಗೆ ತೂತಾಯಿತು? ವಾರಂಟಿಯೊಳಗೆ ಬರೆಸಿದ ದೂರು ಸರಿಯಾಗದೆ ಉಳಿದರೆ ಅದು ವಾರಂಟಿಯ ದೂರಲ್ಲವಾ?

ಮೊದಲು ಬಂದ ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ, ಸಂಬಂಧಪಟ್ಟವರಿಗೆ ತಿಳಿಸಿದ್ದೇವೆ. ವಾರ ಬಿಟ್ಟು ಫೋನ್ ಬಂತು: ಗುಡ್‌ವಿಲ್ ಲೆಕ್ಕದಲ್ಲಿ ಬಿಡಿಭಾಗಕ್ಕೆ ಶೇಕಡಾ 50 ರಿಯಾಯಿತಿ. ಹೆಂಡತಿ ಒಪ್ಪಿಕೊಳ್ಳಿ ಎಂದಳು. ಒಪ್ಪುವವನೇ ಇದ್ದೆ. ಆದರೆ 'ಗುಡ್‌ವಿಲ್' ಎಂಬ ಪದ ಗಂಟಲಿಗೆ ಮೀನಿನ ಮುಳ್ಳಿನ ಹಾಗೆ ಸಿಕ್ಕಿತು. ನಾನು ಭಿಕ್ಷೆ ಕೇಳಿದ್ದಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಕನ್ನಡದಲ್ಲೇ ಮಾತಾಡಬಹುದು. ಒಂದು ಸಂಖ್ಯೆ ಕೊಡುತ್ತಾರೆ, ದೂರನ್ನು ಕಂಪನಿಗೆ ಕಳಿಸುತ್ತಾರೆ. ಅವರು ತೀರ್ಪು ಕೊಡುವವರಲ್ಲ, ಮಧ್ಯದಲ್ಲಿ ನಿಂತು ತಟ್ಟುವವರು. ಜೊತೆಗೆ ವಕೀಲ ಗೆಳೆಯನ ಹತ್ತಿರ ಕೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಅಲೆಯಬೇಕಾಗಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ವಕೀಲರು ಕಡ್ಡಾಯವಲ್ಲ. ಶುಲ್ಕ ವಸ್ತುವಿಗೆ ಕೊಟ್ಟ ಬೆಲೆಯ ಮೇಲೆ: 5 ಲಕ್ಷದವರೆಗೆ ಏನೂ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ನನ್ನ ಕಾರು ಎಂಟು ಲಕ್ಷದ ಮೇಲಿನದ್ದು, ಹಾಗಾಗಿ 200. ಸಂತೆಕಟ್ಟೆಯಲ್ಲಿ ಒಂದು ಕಿಲೋ ಅಂಜಲ್ ಮೀನಿಗೆ ಇದಕ್ಕಿಂತ ಹೆಚ್ಚು ಕೊಡುತ್ತೇನೆ. ಈ ಲೆಕ್ಕವನ್ನೇ ಮುಂದಿನ ಇಮೇಲಿನಲ್ಲಿ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲೂ ಕಳಿಸಿದೆ. ಅಂಜಲ್ ವಿಷಯ ಬರೆಯಲಿಲ್ಲ.

ಹನ್ನೊಂದನೇ ದಿನ ಕಂಪನಿಯ ಏರಿಯಾ ಮ್ಯಾನೇಜರ್ ವರ್ಕ್‌ಶಾಪಿಗೆ ಬಂದರು. ತೆಳ್ಳಗಿನ, ತಗ್ಗಿದ ದನಿಯ ಮನುಷ್ಯ. ನಾನು ಜಗಳಕ್ಕೆ ಸಿದ್ಧನಾಗಿ ಫೈಲ್ ಹಿಡಿದು ಹೋಗಿದ್ದೆ. ಅವರು ಆಗಸ್ಟಿನ ಬಿಲ್ ತೆಗೆದುಕೊಂಡು, ಏಳನೇ ಸಾಲಿನ ಮೇಲೆ ಉಗುರಿಟ್ಟು ವರ್ಕ್ಸ್ ಮ್ಯಾನೇಜರ್ ಕಡೆ ಒಮ್ಮೆ ನೋಡಿದರು. ಯಾರೂ ಮಾತಾಡಲಿಲ್ಲ. "ಕಾಯಿಲ್, ಲೇಬರ್ ಎರಡೂ ನಮ್ಮದು. ಗ್ಯಾಸ್, ಆಯಿಲ್ ಮಾತ್ರ ನೀವು ಕೊಡಿ." ಅದು 1,900 ಆಯಿತು. ಅಷ್ಟಕ್ಕೆ ನಾನು ತಕರಾರು ಮಾಡಲಿಲ್ಲ, ಇಷ್ಟು ಬೇಗ ಮುಗಿದದ್ದಕ್ಕೆ ಸ್ವಲ್ಪ ಬೇಸರವೂ ಆಯಿತು ಅನ್ನಿ, ಫೈಲಿನಲ್ಲಿ ಇನ್ನೂ ಆರು ಪುಟ ಬಾಕಿ ಇತ್ತು.

ಕೆಲಸ ಮಾಡಿದ ಹುಡುಗರ ಬಗ್ಗೆ ಎರಡು ಒಳ್ಳೆಯ ಮಾತು ಹೇಳಲೇಬೇಕು. ಡ್ಯಾಶ್‌ಬೋರ್ಡ್ ಇಳಿಸಿದ ಕಾರು ನೋಡಲು ಸಿಪ್ಪೆ ಸುಲಿದ ಹಲಸಿನ ಹಾಗೆ, ಎಲ್ಲಿ ನೋಡಿದರೂ ವೈರು. ಒಬ್ಬ ಹುಡುಗ ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಐಸ್‌ಕ್ರೀಂ ಕಪ್ಪುಗಳಲ್ಲಿ ಬೇರೆ ಬೇರೆ ಹಾಕಿ, ಕಪ್ಪಿನ ಮೇಲೆ ಮಾರ್ಕರಿನಲ್ಲಿ ಗುರುತು ಮಾಡಿಟ್ಟಿದ್ದ. ಹಳೆಯ ಕಾಯಿಲನ್ನು ತಂದು ತೋರಿಸಿದ. ಬ್ರೆಡ್ಡಿನಷ್ಟು ದೊಡ್ಡದು, ಅಲ್ಯೂಮಿನಿಯಂ ಎಸಳು ಎಸಳು, ಮೂಲೆಯಲ್ಲಿ ಜಿಡ್ಡಿನ ಕಲೆ. ಇದಕ್ಕಾ ಇಷ್ಟು ರಾದ್ಧಾಂತ ಎನಿಸಿತು. ವಾರಂಟಿಯದ್ದಾದ ಕಾರಣ ಕಂಪನಿಗೆ ವಾಪಸ್ ಕಳಿಸಬೇಕಂತೆ, ಮನೆಗೆ ಕೊಡಲಿಲ್ಲ.

ಈಗ ಏಪ್ರಿಲ್ ಮಧ್ಯಾಹ್ನ ಸುರತ್ಕಲ್ ಸಿಗ್ನಲಿನಲ್ಲಿ ನಿಂತರೂ ಥರ್ಮಾಮೀಟರ್ 9ರ ಮೇಲೆ ಹೋಗುವುದಿಲ್ಲ. ಕಾರಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಸರ್ವಿಸಿಗೆ ಎರಡು, ಅದರಲ್ಲಿ ಒಂದೂವರೆ ಐಸ್‌ಕ್ರೀಂ ಕಪ್ಪಿನ ಹುಡುಗನದ್ದು. ನನ್ನ ಹಾಗೆ ದಿನಾ ಓಡಿಸುವವರು ಹೊಸ ಕಾರು ತೆಗೆದುಕೊಳ್ಳುವಾಗ ಸೀಟ್ ಕವರಿನ ದುಡ್ಡನ್ನು ಎಕ್ಸ್‌ಟೆಂಡೆಡ್ ವಾರಂಟಿಗೆ ಹಾಕಿ. ಸೀಟ್ ಹರಿದರೆ ಟವೆಲ್ ಹಾಸಬಹುದು.

ಒಂದು ಬಾಕಿ ಉಂಟು. ಡ್ಯಾಶ್‌ಬೋರ್ಡ್ ಕೂರಿಸಿದ ಮೇಲೆ ಉದ್ಯಾವರ ಸೇತುವೆಯ ಜೋಡಣೆಗಳ ಮೇಲೆ ಹೋಗುವಾಗ ಎಡಗಡೆ ಒಳಗಿನಿಂದ ಕಿರ್ ಕಿರ್ ಎನ್ನುತ್ತದೆ. ಗ್ಲೋವ್ ಬಾಕ್ಸಿನ ಬದಿಗೆ ಹೆಂಡತಿ ಬಸ್ ಟಿಕೆಟ್ ಮಡಚಿ ತುರುಕಿ ನೋಡಿದಳು, ಎರಡು ದಿನ ಸುಮ್ಮನಿದ್ದು ಪುನಃ ಶುರು. ಕಳೆದ ತಿಂಗಳು ಸರ್ವಿಸಿಗೆ ಬಿಟ್ಟಾಗ ಅದೇ ಅಡ್ವೈಸರ್ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಜಾಬ್ ಕಾರ್ಡನ್ನು ನನ್ನ ಕಡೆ ತಿರುಗಿಸಿ, ಮೇಲೆ ಪೆನ್ನು ಇಟ್ಟರು. "ನೀವೇ ಬರೆದುಬಿಡಿ ಸರ್."